ಕಾಪಿಗೆ ಹಚ್ಚುವ ಮುನ್ನ ಎಣಿಸಿ: ಹಳೆ ಸರ್ವರ್‌ನಿಂದ ಹೊಸದಕ್ಕೆ ಡೇಟಾ ಸಾಗಿಸುವುದು

ಎಲ್ಲರಿಗೂ ನಮಸ್ಕಾರ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಚೇರಿ, ಆಸ್ಪತ್ರೆಗಳಲ್ಲಿ, ಗಂಗಾವತಿಯ ರೈಸ್ ಮಿಲ್‌ಗಳಲ್ಲಿ ಸರ್ವರ್ ನೋಡಿಕೊಳ್ಳುವವರು ನೀವು. ಡೇಟಾ ಸಾಗಿಸಬೇಕು ಎಂದ ಕೂಡಲೇ ಮೇಲಿನವರು ಕೇಳುವುದು ಒಂದೇ: ಎಷ್ಟು ತಾಸು ಹಿಡಿಯುತ್ತದೆ? ಎಷ್ಟು ಟಿಬಿ ಇದೆ ಎಂದಷ್ಟೇ ನೋಡಿ ಉತ್ತರ ಕೊಡಬೇಡಿ, ಎಷ್ಟು ಫೈಲ್ ಇವೆ ಎಂದೂ ಎಣಿಸಿ.

1 ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಿಗುತ್ತದೆ. 4 ಟಿಬಿ ವಿಡಿಯೊ ಫೈಲ್‌ಗಳಾದರೆ 10 ತಾಸು. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿ ಬೇಕು. ತುದಿಗೆ ಪ್ಲಗ್ ಕೂರಿಸುವಾಗ (ಕ್ರಿಂಪಿಂಗ್) ಒಂದು ತಂತಿ ಸರಿಯಾಗಿ ಕೂತಿಲ್ಲದಿದ್ದರೆ ಲಿಂಕ್ 100 ಮೆಗಾಬಿಟ್‌ಗೆ ಇಳಿಯಬಹುದು. ಆಗ 10 ತಾಸಿನ ಕೆಲಸಕ್ಕೆ 4 ದಿನ. ಮೊದಲು ಎರಡೂ ಕಡೆ ಲಿಂಕ್ ಸ್ಪೀಡ್ ನೋಡಿ.

ಸಣ್ಣ ಫೈಲ್‌ಗಳ ಲೆಕ್ಕವೇ ಬೇರೆ. 2 ಕೆಬಿಯದಾದರೂ ಅದನ್ನು ತೆರೆಯಬೇಕು, ಆಚೆ ಕಡೆ ಹೊಸದು ಸೃಷ್ಟಿಸಬೇಕು, ದಿನಾಂಕ, ಪರ್ಮಿಶನ್ ಬರೆದು ಮುಚ್ಚಬೇಕು. 10,000 ಫೈಲ್‌ಗಳ ಒಂದು ಫೋಲ್ಡರನ್ನು ಕಾಪಿ ಮಾಡಿ ಗಡಿಯಾರ ನೋಡಿ. ಸೆಕೆಂಡಿಗೆ 50 ಫೈಲ್ ಹೋದರೆ 20 ಲಕ್ಷ ಫೈಲಿಗೆ 11 ತಾಸು, ಒಟ್ಟು ಗಾತ್ರ ಬರೀ 100 ಜಿಬಿ ಇದ್ದರೂ ಅಷ್ಟೇ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವ ಕಡೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಕೈಪಿಡಿ ನೋಡಿ ಕೆಲಸ ಮಾಡುವವರಿಗೆ ಇದು ಹೊಳೆಯುವುದೇ ಇಲ್ಲ. ‘ಕೊಪ್ಪಳ’ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕ, ಒತ್ವ, ಪ, ಹಲಂತ, ಪ, ಳ ಎಂದು ಆರು ಸಂಕೇತ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 18. ಡಿಸ್ಕಿನಲ್ಲಿ ಫೈಲ್ ಇಡುವ ವಿಂಡೋಸ್‌ನ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಒಂದು ಹೆಸರಿನಲ್ಲಿ ಇಂಥ 255 ಸಂಕೇತ ಹಿಡಿಸಿಕೊಳ್ಳುತ್ತದೆ. ಲಿನಕ್ಸ್‌ನ ಅಂಥದೇ ವ್ಯವಸ್ಥೆ ಇಎಕ್ಸ್‌ಟಿ4ಗೆ ಮಿತಿ 255 ಬೈಟ್, ಅಂದರೆ 85 ಸಂಕೇತ ಮಾತ್ರ. ಅರ್ಜಿಯ ವಿಷಯವನ್ನೇ ಪೂರ್ತಿ ಹೆಸರಾಗಿ ಇಟ್ಟಿರುವ ಫೈಲ್ ವಿಂಡೋಸ್‌ನಲ್ಲಿ ಚೆನ್ನಾಗಿದ್ದು, ಲಿನಕ್ಸ್ ಮೇಲೆ ನಡೆಯುವ ಹೊಸ ನ್ಯಾಸ್‌ಗೆ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಬರುವಾಗ ‘ಹೆಸರು ಉದ್ದವಾಯಿತು’ ಎಂದು ನಿಂತುಬಿಡುತ್ತದೆ. ಇಂಥವನ್ನು ಮೊದಲೇ ಪಟ್ಟಿ ಮಾಡಿ, ಬರೆದಿಟ್ಟವರನ್ನೇ ಕೇಳಿ ಹೆಸರು ಚಿಕ್ಕದು ಮಾಡಿಸಿ. ಜೊತೆಗೆ ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ, ‘ೆ’ ಮತ್ತು ‘ೂ’ ಎಂಬ ಎರಡಾಗಿಯೂ ಬರೆಯಬಹುದು. ನೋಡಲು ಒಂದೇ, ಕಂಪ್ಯೂಟರಿಗೆ ಎರಡು ಹೆಸರು. ಮ್ಯಾಕ್‌ನಿಂದ ಬಂದ ಫೋಲ್ಡರ್ ಹೋಲಿಸುವಾಗ ಇದ್ದ ಫೈಲೇ ‘ಇಲ್ಲ’ ಎಂದು ಬಂದರೆ ಮೊದಲು ಇದನ್ನೇ ಅನುಮಾನಿಸಿ.

ವಿಂಡೋಸ್‌ನಲ್ಲಿ ಅದರ ಜೊತೆಗೇ ಬರುವ ಕಾಪಿ ಆಜ್ಞೆ ರೋಬೋಕಾಪಿ ಸಾಕು, ಆದರೆ ಅದರ ಮೂಲ ಸೆಟ್ಟಿಂಗ್ ನಂಬಬೇಡಿ. ಯಾರೋ ತೆರೆದಿಟ್ಟ ಒಂದು ಫೈಲಿಗಾಗಿ ಅದು 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ಸುಮಾರು 347 ದಿನ! /ಆರ್:2 (ಎರಡೇ ಸಲ ಮರುಪ್ರಯತ್ನ), /ಡಬ್ಲ್ಯೂ:5 (ನಡುವೆ 5 ಸೆಕೆಂಡ್ ಕಾಯುವುದು) ಕೊಡಿ. ಪರ್ಮಿಶನ್ ತಾನಾಗಿ ಬರುವುದಿಲ್ಲ, /ಕಾಪಿ:ಡಿಎಟಿಎಸ್ ಬೇಕು. ಗುರಿಯನ್ನು ಮೂಲದ ಪಡಿಯಚ್ಚಾಗಿಸಿ, ಮೂಲದಲ್ಲಿ ಇಲ್ಲದ್ದನ್ನು ಅಳಿಸುವ /ಎಂಐಆರ್ ಬಳಸುವುದಾದರೆ ಮೊದಲು /ಎಲ್ ಹಾಕಿ ಪಟ್ಟಿ ಮಾತ್ರ ತೆಗೆಸಿ ಓದಿ. ಮೂಲ, ಗುರಿ ಅದಲುಬದಲಾದರೆ ಖಾಲಿ ಡಿಸ್ಕ್‌ಗೆ ಸರಿಹೊಂದಿಸಲು ತುಂಬಿದ ಡಿಸ್ಕನ್ನೇ ಅಳಿಸುತ್ತದೆ. ಕೆಲಸ ಮುಗಿದಾಗ ಅದು ಕೊಡುವ ಸಂಖ್ಯೆ (ಎಕ್ಸಿಟ್ ಕೋಡ್) 1 ಬಂದರೆ ಗಾಬರಿ ಬೇಡ, ಫೈಲ್ ಕಾಪಿಯಾಗಿದೆ ಎಂದರ್ಥ. 8ರಿಂದ ಮೇಲೆ ಬಂದರೆ ಲಾಗ್ ತೆರೆಯಿರಿ.

ಜನ ಕೆಲಸ ಮಾಡುತ್ತಿರುವಾಗಲೇ ಮೊದಲ ಕಾಪಿ ಮುಗಿಸಿ. ಆಮೇಲೆ ಪ್ರತಿ ರಾತ್ರಿ ಬದಲಾದದ್ದು ಮಾತ್ರ. ಶನಿವಾರ ರಾತ್ರಿ ಹಳೆ ಸರ್ವರ್‌ನ ಹಂಚಿಕೆ ಫೋಲ್ಡರನ್ನು ಓದಲು ಮಾತ್ರ ಬಿಟ್ಟು, ಕೊನೆಯ ಸುತ್ತು ಓಡಿಸಿ. ಎಸ್‌ಕ್ಯೂಎಲ್ ಡೇಟಾಬೇಸನ್ನು ಫೈಲಾಗಿ ಎತ್ತಬೇಡಿ, ಬ್ಯಾಕಪ್ ತೆಗೆದು ಆಚೆ ರಿಸ್ಟೋರ್ ಮಾಡಿ. ಟ್ಯಾಲಿಯನ್ನು ಎಲ್ಲ ಸಿಸ್ಟಮ್‌ಗಳಲ್ಲೂ ಮುಚ್ಚಿಸಿ. ಬೇಸಿಗೆಯಲ್ಲಿ ಮುಚ್ಚಿದ ಕೋಣೆಯಲ್ಲಿ ಯುಎಸ್‌ಬಿ ಡಿಸ್ಕ್‌ಗೆ ರಾತ್ರಿಯಿಡೀ ಬರೆಸುವಾಗ ಅದರ ತಾಪಮಾನದ ಮೇಲೆ ಕಣ್ಣಿರಲಿ. ಎರಡೂ ಸರ್ವರ್ ಜೊತೆ ಸ್ವಿಚ್ ಕೂಡ ಯುಪಿಎಸ್ ಮೇಲಿರಲಿ. ಬಹಳ ಕಡೆ ಸ್ವಿಚ್ಚೇ ಮರೆತುಹೋಗುತ್ತದೆ.

ಮುಗಿದ ಮೇಲೆ ಫೈಲ್ ಸಂಖ್ಯೆ, ಒಟ್ಟು ಬೈಟ್ ಹೋಲಿಸಿ. ರೋಬೋಕಾಪಿ ನೋಡುವುದು ಗಾತ್ರ, ದಿನಾಂಕವನ್ನು, ಒಳಗಿನ ಬರಹವನ್ನಲ್ಲ. ಮುಖ್ಯ ಫೋಲ್ಡರ್‌ಗಳಿಗಾದರೂ ಎಸ್‌ಎಚ್‌ಎ-256 (ಒಳಗಿನ ಬರಹದಿಂದ ಲೆಕ್ಕ ಹಾಕುವ, ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಎರಡೂ ಕಡೆ ತಾಳೆ ನೋಡಿ. ಹಳೆ ಸರ್ವರನ್ನು ಒಂದು ಪೂರ್ತಿ ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಕೆ ಮುಗಿಯುವವರೆಗೆ ಅಳಿಸಬೇಡಿ. ಅಕೌಂಟೆಂಟ್ ತಿಂಗಳಿಗೆ ಒಮ್ಮೆ ಮಾತ್ರ ತೆರೆಯುವ ಫೋಲ್ಡರ್ ಬಿಟ್ಟುಹೋಗಿದ್ದರೆ ಗೊತ್ತಾಗುವುದು ಆ ದಿನವೇ.