ಆಯಿಸ್ಟರ್ ರಾಜಕುಮಾರಿಯನ್ನು ಓಡಿಸಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಮೂಕಿ ಚಿತ್ರ ಎಂದ ಕೂಡಲೇ ಅನೇಕರ ಕಣ್ಣಮುಂದೆ ಬರುವುದು ದಡಬಡ ಓಡಾಡುವ, ಪಟಪಟ ಕೈಯಾಡಿಸುವ ಜನ. ಆ ನಟರು ಹಾಗೆ ನಡೆದವರಲ್ಲ. ಅವರನ್ನು ಹಾಗೆ ಓಡಿಸಿದವರು ನಾವು, ತಪ್ಪು ವೇಗದಲ್ಲಿ ತೋರಿಸಿ. ಇವತ್ತು ನಾನು ಹೇಳುವುದು ಒಂದೇ ಮಾತು: ಮೂಕಿ ಚಿತ್ರವನ್ನು ಅದರ ವೇಗದಲ್ಲೇ ನೋಡಿ. ಕಾಲೇಜಿನಲ್ಲಿ, ಚಿತ್ರಸಮಾಜದಲ್ಲಿ ಪ್ರದರ್ಶನ ಏರ್ಪಡಿಸುವವರು ಇದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ.

ಉದಾಹರಣೆಗೆ ನಿರ್ದೇಶಕ ಅರ್ನ್‌ಸ್ಟ್ ಲುಬಿಟ್ಷ್ 1919ರಲ್ಲಿ ಬರ್ಲಿನ್ನಿನಲ್ಲಿ ಮಾಡಿದ ‘ದಿ ಆಯಿಸ್ಟರ್ ಪ್ರಿನ್ಸೆಸ್’ ತೆಗೆದುಕೊಳ್ಳೋಣ. ಹಿಂದಿನ ನವೆಂಬರಿನಲ್ಲಷ್ಟೇ ಜರ್ಮನಿಯ ಚಕ್ರವರ್ತಿ ಕೈಸರ್ ಸಿಂಹಾಸನ ಬಿಟ್ಟಿದ್ದ. 1919ರ ಆಗಸ್ಟಿನಲ್ಲಿ ಬಂದ ಹೊಸ ಸಂವಿಧಾನ, ಕುಲೀನ ಮನೆತನಗಳ ಬಿರುದುಗಳು ಇನ್ನು ಹೆಸರಿನ ಭಾಗ ಮಾತ್ರ ಎಂದಿತು. ಈ ಚಿತ್ರದ ರಾಜಕುಮಾರ ನುಕಿಗೂ ಉಳಿದಿರುವುದು ಹೆಸರೇ. ಕೈಯಲ್ಲಿ ಕಾಸಿಲ್ಲ, ಗೆಳೆಯ ಜೋಸೆಫ್ ಜತೆ ಬಡಕಲು ಬಿಡಾರದಲ್ಲಿ ವಾಸ. ಅತ್ತ ಅಮೆರಿಕದ ಆಯಿಸ್ಟರ್, ಅಂದರೆ ತಿನ್ನುವ ಸಿಂಪಿಯ ವ್ಯಾಪಾರಿ ಕ್ವೇಕರ್‌ಗೆ ದುಡ್ಡಿಗೆ ಲೆಕ್ಕವಿಲ್ಲ. ಶೂ ಪಾಲಿಶ್ ಸಾಹುಕಾರನ ಮಗಳಿಗೆ ಕೌಂಟ್ ಒಬ್ಬ ಗಂಡನಾಗಿ ಸಿಕ್ಕನೆಂದು ಕ್ವೇಕರ್‌ನ ಮಗಳು ಓಸಿ ಮನೆಯ ಸಾಮಾನೆಲ್ಲ ಒಡೆದುಹಾಕುತ್ತಾಳೆ. ಅಪ್ಪ ರಾಜಕುಮಾರನನ್ನೇ ತರಿಸುತ್ತೇನೆ ಎಂದು ಮಾತು ಕೊಡುತ್ತಾನೆ.

ಆ ಸಂಬಂಧ ನುಕಿಯ ಬಳಿ ಬರುತ್ತದೆ. ಹೆಣ್ಣು ಹೇಗಿದ್ದಾಳೆ ನೋಡಿ ಬಾ ಎಂದು ಅವನು ಕಳಿಸುವುದು ಜೋಸೆಫ್‌ನನ್ನು. ಅವನ ಕೈಯಲ್ಲಿ ರಾಜಕುಮಾರನ ಹೆಸರಿನ ಕಾರ್ಡು. ಹಾಗಾಗಿ ಬಂದವನೇ ವರ ಎಂದು ಎಲ್ಲರೂ ತಿಳಿಯುತ್ತಾರೆ. ವಿಶಾಲವಾದ ಹಜಾರದಲ್ಲಿ ಅವನನ್ನು ಕಾಯಿಸುತ್ತಾರೆ. ಅತ್ತ ಓಸಿಗೆ ದಾಸಿಯರ ಸಾಲೇ ಸ್ನಾನ ಮಾಡಿಸಿ, ಮೈ ಉಜ್ಜಿ, ಅಲಂಕರಿಸುತ್ತಿದೆ. ಜೋಸೆಫ್ ಕಾಯುತ್ತಾನೆ. ಅತ್ತಿತ್ತ ನೋಡುತ್ತಾನೆ. ಶತಪಥ ಹಾಕುತ್ತಾನೆ. ಆಮೇಲೆ ನೆಲದ ಮೇಲಿನ ದೊಡ್ಡ ಚಿತ್ತಾರ ಕಣ್ಣಿಗೆ ಬೀಳುತ್ತದೆ. ಒಂದು ಗೆರೆಯ ಮೇಲೆ ಕಾಲಿಟ್ಟು, ಅದರ ತಿರುವಿನಲ್ಲೇ ತಿರುಗಿ, ಗೆರೆ ತಪ್ಪದ ಹಾಗೆ ಹೆಜ್ಜೆಯ ಮುಂದೆ ಹೆಜ್ಜೆ ಜೋಡಿಸುತ್ತ ಹೋಗುತ್ತಾನೆ. ಸಣಕಲು ದೇಹದ, ಗಂಭೀರ ಮುಖದ ಮನುಷ್ಯ. ಮದುವೆಯ ಮಾತಿಗೆ ಬಂದವನು ಮಕ್ಕಳ ಹಾಗೆ ಕುಂಟಾಬಿಲ್ಲೆಗೆ ಇಳಿದಿದ್ದಾನೆ. ಜೂಲಿಯಸ್ ಫಾಲ್ಕನ್‌ಸ್ಟೈನ್ ಎಂಬ ನಟನ ಆ ಪಾದಗಳನ್ನೇ ನೋಡಿ. ಪ್ರತಿ ಹೆಜ್ಜೆಯಲ್ಲೂ ಬೇಸರವಿದೆ, ಬೇಸರ ಕಳೆಯುವ ಏಕಾಗ್ರತೆಯೂ ಇದೆ.

ಇದನ್ನೇ ವೇಗ ಹೆಚ್ಚಿಸಿ ನೋಡಿದರೆ ಹುಚ್ಚನೊಬ್ಬ ಕುಣಿಯುತ್ತಿದ್ದಾನೆ ಅನಿಸುತ್ತದೆ, ಅಷ್ಟೇ. ಕಾಯುವುದು ಬೇಗ ಮುಗಿದರೆ ಅದು ಕಾಯುವುದೇ ಅಲ್ಲ. ನಗು ಅಲ್ಲೇ ಸತ್ತಿತು.

ತಪ್ಪು ಆಗುವುದೆಲ್ಲಿ? ಆಗ ಕ್ಯಾಮೆರಾದ ಹಿಡಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಒಂದು ಸುತ್ತಿಗೆ 8 ಫ್ರೇಮು (ರೀಲಿನ ಒಂದೊಂದು ಬಿಡಿ ಚಿತ್ರವೇ ಫ್ರೇಮು), ಸೆಕೆಂಡಿಗೆ ಎರಡು ಸುತ್ತು, ಅಂದರೆ 16 ಫ್ರೇಮು. ಕೈ ಚುರುಕಾದರೆ 18, 20. ಟಾಕಿ ಬಂದ ಮೇಲೆ ಧ್ವನಿಗಾಗಿ 24ಕ್ಕೆ ಕಟ್ಟುಹಾಕಿದರು. ಹಳೆಯ ರೀಲನ್ನು ಹೊಸ ಪ್ರೊಜೆಕ್ಟರಿಗೆ ಏರಿಸಿದಾಗ ಎಡವಟ್ಟಾಯಿತು. 1000 ಅಡಿಯ ರೀಲು 16ರ ವೇಗದಲ್ಲಿ 16 ನಿಮಿಷ 40 ಸೆಕೆಂಡು ಓಡುತ್ತದೆ. 24ರಲ್ಲಿ 11 ನಿಮಿಷಕ್ಕೇ ಖಾಲಿ. ಮೂರನೆಯ ಒಂದು ಪಾಲು ಸಮಯವನ್ನೇ ಕದ್ದ ಹಾಗಾಯಿತು.

ಪರೀಕ್ಷೆ ಸುಲಭ. ಮೊದಲ ದೃಶ್ಯದಲ್ಲೇ ಕ್ವೇಕರ್ ದೊಡ್ಡ ಚುಟ್ಟಾ ಸೇದುತ್ತಾನೆ. ನಟನನ್ನು ಬಿಡಿ, ಹೊಗೆಯನ್ನು ನೋಡಿ. ಹೊಗೆ, ಸುರಿಯುವ ನೀರು, ಬೀಳುವ ಬಟ್ಟೆ, ಇವು ನಟಿಸುವುದಿಲ್ಲ. ಹೊಗೆ ಚಿಮ್ಮಿ ಹೋದರೆ ವೇಗ ಜಾಸ್ತಿಯಾಗಿದೆ. ಇನ್ನೊಂದು ಗುರುತು: ಇದು ಹೆಚ್ಚುಕಡಿಮೆ ಒಂದು ಗಂಟೆಯ ಚಿತ್ರ. 45 ನಿಮಿಷಕ್ಕೇ ಮುಗಿದರೆ ಯಾರೋ ಓಡಿಸಿದ್ದಾರೆ. ಕಂಪ್ಯೂಟರಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ, 24 ಇದ್ದದ್ದು 18 ಆಗುತ್ತದೆ. ಆದರೆ ಜೀರ್ಣೋದ್ಧಾರವಾದ ಒಳ್ಳೆಯ ಪ್ರತಿಗಳಲ್ಲಿ ವೇಗವನ್ನು ಮೊದಲೇ ಸರಿಮಾಡಿರುತ್ತಾರೆ. ಅದನ್ನು ಮತ್ತೆ ಇಳಿಸಿದರೆ ಎಲ್ಲರೂ ನೀರೊಳಗೆ ನಡೆದಂತೆ ಕಾಣುತ್ತಾರೆ. ಮೊದಲು ಹೊಗೆ ನೋಡಿ, ಆಮೇಲೆ ಕೈ ಹಾಕಿ.

ಓಸಿ, ಜೋಸೆಫ್ ಮದುವೆಯೂಟದಲ್ಲಿ ಫಾಕ್ಸ್‌ಟ್ರಾಟ್ ಎಂಬ ಜೋಡಿ ಕುಣಿತ ಅಂಟುರೋಗದಂತೆ ಹಬ್ಬುತ್ತದೆ. ಅತಿಥಿಗಳಿಂದ ಆಳುಗಳಿಗೆ, ಅಡುಗೆಮನೆಗೆ. ವಾದ್ಯವೃಂದದ ನಾಯಕನ ಪಾತ್ರದ ನಟ ಕುರ್ಟ್ ಬೋಯಿಸ್ ಸೊಂಟದಲ್ಲೇ ತಾಳ ಹಾಕುತ್ತಾನೆ. ಮುಂದೆ ‘ಕಾಸಾಬ್ಲಾಂಕಾ’ ಚಿತ್ರದಲ್ಲಿ ಜೇಬುಗಳ್ಳನಾದವನು ಇವನೇ. ಇಲ್ಲಿ ಪ್ರದರ್ಶನಕ್ಕೆ ಸಂಗೀತ ನುಡಿಸುವವರು ಲೆಕ್ಕ ಹಾಕಿಕೊಳ್ಳಬೇಕು. ಒಂದು ಹೆಜ್ಜೆ 9 ಫ್ರೇಮು ಹಿಡಿದರೆ, 18ರ ವೇಗದಲ್ಲಿ ನಿಮಿಷಕ್ಕೆ 120 ಹೆಜ್ಜೆ. 24ರಲ್ಲಿ ಅದೇ 160! 18ಕ್ಕೆ ಹೊಂದಿಸಿದ ಸಂಗೀತ ಆ ಗತಿಗೆ ಕೂಡುವುದಿಲ್ಲ. ವೇಗ ನಿಗದಿ ಮಾಡಿಕೊಂಡ ಮೇಲೇ ಸಂಗೀತ ಕೂಡಿಸಿ. ಸಂಗೀತ ಸೇರಿಸಿಯೇ ಬಂದ ಪ್ರತಿಯಾದರೆ, ವೇಗ ಬದಲಿಸಿದಾಗ ಆ ಧ್ವನಿ ಬಂದ್ ಮಾಡಿ. ಎಳೆದಾಡುವ ಸಂಗೀತ ಸಹಿಸಲಾಗದು.

ಕಥೆಯ ಉಳಿದ ಭಾಗ ಪೂರ್ತಿ ಹೇಳುವಷ್ಟು ಹೊತ್ತಿಲ್ಲ. ಮದುವೆ ಆಗಿರುವುದು ರಾಜಕುಮಾರನ ಹೆಸರಿನಲ್ಲಿ, ಅಷ್ಟು ನೆನಪಿಟ್ಟುಕೊಳ್ಳಿ. ಗಂಟು ಬಿಚ್ಚುವುದು ಅಲ್ಲೇ.

ನಡುನಡುವೆ ಬರುವ ಅಕ್ಷರಫಲಕಗಳು ಜರ್ಮನ್ ಭಾಷೆಯಲ್ಲಿವೆ. ನಮ್ಮ ದೇಶದ ಮೂಕಿ ಚಿತ್ರಮಂದಿರಗಳಲ್ಲಿ ಫಲಕವನ್ನು ಗಟ್ಟಿಯಾಗಿ ಓದಿ ಹೇಳುವವರಿದ್ದರು. ನೀವೂ ಹಾಗೇ ಮಾಡಿ. ಅನುವಾದವನ್ನು ಮೊದಲೇ ಬರೆದು ನಂಬರ್ ಹಾಕಿ, ಪರದೆಯ ಪಕ್ಕ ಒಬ್ಬರನ್ನು ಕೂರಿಸಿ. ಫಲಕ ಪರದೆಯಿಂದ ಹೋಗುವುದರೊಳಗೆ ಓದು ಮುಗಿಯಬೇಕು. ಮುಗಿಯದಿದ್ದರೆ ವಾಕ್ಯ ಕಡಿಮೆ ಮಾಡಿ. ಚಿತ್ರವನ್ನು ಮಾತ್ರ ನಿಲ್ಲಿಸಬೇಡಿ. ನಮಸ್ಕಾರ.