ಅವರನ್ನೇ ಕೇಳಿ

ಎಲ್ಲರಿಗೂ ನಮಸ್ಕಾರ. ಸಿನಿಮಾ ಈಗಷ್ಟೇ ಮುಗಿದಿದೆ. ಕೆಲವರು ಇನ್ನೂ ಕಣ್ಣು ಒರೆಸಿಕೊಳ್ಳುತ್ತಿದ್ದೀರಿ. ಅತ್ತರೆ ತಪ್ಪೇನಿಲ್ಲ, ನಾನೂ ಅಳುವವನೇ. ಆದರೆ ಅಳು ಬಂದ ಕೂಡಲೇ ಎಲ್ಲ ಅರ್ಥವಾಯಿತು ಅಂದುಕೊಳ್ಳುತ್ತೇವಲ್ಲ, ನನ್ನ ತಕರಾರು ಅದರ ಮೇಲೆ.

ಬುದ್ಧಿ ಬೆಳವಣಿಗೆ ಕಡಿಮೆ ಇರುವವರು ಸಿನಿಮಾದಲ್ಲಿ ನಗಿಸಬೇಕು, ಇಲ್ಲವೇ ಅಳಿಸಬೇಕು. ಎರಡೂ ಆಗದಿದ್ದರೆ ಮಹಾ ಮೇಧಾವಿಯಾಗಿರಬೇಕು. ಸುಮ್ನೆ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ, ಸಂಬಳ ಸಾಲದು ಎಂದು ಗೊಣಗುವ ನಲವತ್ತರ ಮನುಷ್ಯನೊಬ್ಬ? ಅವನ ಕಾಲ್‌ಶೀಟ್ ಕೇಳುವವರೇ ಇಲ್ಲ.

1988ರ ‘ರೇನ್ ಮ್ಯಾನ್’ ನೋಡಿದ್ದೀರಿ. ಅದರಲ್ಲಿ ರೇಮಂಡ್‌ಗೆ ಆಟಿಸಂ, ಅಂದರೆ ಜನರೊಡನೆ ಬೆರೆಯುವ, ಮಾತಾಡುವ ರೀತಿಯೇ ಬೇರೆಯಾಗಿರುವ ಸ್ಥಿತಿ; ಲೆಕ್ಕದಲ್ಲಿ ಮಾತ್ರ ಮೇಧಾವಿ. ಆ ಪಾತ್ರಕ್ಕೆ ಡಸ್ಟಿನ್ ಹಾಫ್‌ಮನ್‌ಗೆ ಆಸ್ಕರ್ ಬಂತು. ಆಟಿಸಂ ಇರುವ ಮಕ್ಕಳ ತಾಯಂದಿರಿಗೆ ಒಂದು ಪ್ರಶ್ನೆ ಬಂತು: ‘ನಿಮ್ಮ ಮಗ ಲೆಕ್ಕದಲ್ಲಿ ಭಾರಿ ಹುಷಾರಾ?’ ಅಂಥ ಪ್ರತಿಭೆ ಆಟಿಸಂ ಇರುವ ಬಹುಪಾಲು ಜನರಿಗೆ ಇರುವುದಿಲ್ಲ. ಆ ಪಾತ್ರಕ್ಕೆ ಪ್ರೇರಣೆಯಾದ ಕಿಮ್ ಪೀಕ್ ಅವರದು ಆಟಿಸಂ ಅಲ್ಲ ಎಂದು ತಜ್ಞರು ಆಮೇಲೆ ಹೇಳಿದರು. ಸಾವಿರಾರು ಪುಸ್ತಕ ಅವರಿಗೆ ಬಾಯಿಪಾಠ, ಅಂಗಿಯ ಗುಂಡಿ ಹಾಕಿಕೊಳ್ಳುವುದು ಮಾತ್ರ ಕಷ್ಟ. ಸಿನಿಮಾದ ರೇಮಂಡ್ ಕೊನೆಗೆ ತಾನಿದ್ದ ಆರೈಕೆ ಸಂಸ್ಥೆಗೆ ವಾಪಸ್ ಹೋಗುತ್ತಾನೆ. ಕಿಮ್ ಅಪ್ಪನ ಜೊತೆ ಮನೆಯಲ್ಲೇ ಇದ್ದರು. ಸಿನಿಮಾ ಬಂದ ಮೇಲೆ ಅಪ್ಪ-ಮಗ ಊರೂರು ತಿರುಗಿ ಸಭೆಗಳಲ್ಲಿ ಜನರನ್ನು ಕಂಡರು. ನನ್ನ ಕೇಳಿದರೆ ಈ ಕ್ಲೈಮ್ಯಾಕ್ಸೇ ಚೆನ್ನಾಗಿತ್ತು.

ಈಗ ನಮ್ಮ ಮನೆಯ ಕಥೆ. ಅಕ್ಕನ ಮಗನಿಗೂ ಬುದ್ಧಿ ಬೆಳವಣಿಗೆ ಕಡಿಮೆ. ಅವನನ್ನು ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಮೂವತ್ತು ದಾಟಿದ ಗಂಡಸು, ಮೀಸೆ ನನ್ನದಕ್ಕಿಂತ ದಪ್ಪ. ಮೂಗಿನ ಮೇಲೆ ಆ ಭಾರದ ಫ್ರೇಮು, ಒಂದು ಕಣ್ಣಿಗೆ ಮುಚ್ಚಳ. ಪರೀಕ್ಷೆ ಮಾಡುವವರು ಗಾಜು ಹಾಕಿ, ನನ್ನ ಕಡೆ ತಿರುಗಿ, ‘ಇವನಿಗೆ ಈಗ ಕಾಣಿಸ್ತಿದೆಯಾ?’ ಅಂದರು. ನನಗೆ ಹೇಗೆ ಗೊತ್ತಾಗಬೇಕು ಸ್ವಾಮಿ, ಕಣ್ಣು ಅವನದು! ‘ಅವನನ್ನೇ ಕೇಳಿ’ ಅಂದೆ. ಗಾಜು ಬದಲಾಯಿತು, ಮುಖ ಮತ್ತೆ ನನ್ನ ಕಡೆಗೇ. ‘ಇದು ಚೆನ್ನಾಗಿದೆಯಂತಾ, ಮೊದಲಿನದಾ?’ ಇವನೇ ‘ಮೊದಲಿನದು’ ಅಂದ. ಅವರಿಗೆ ಗಾಬರಿ. ಆಮೇಲೆ ದನಿ ಏರಿಸಿ, ಬಿಡಿಸಿ ಬಿಡಿಸಿ, ‘ಕೆ-ಳ-ಗಿ-ನ ಸಾ-ಲು ಓ-ದು ಪುಟ್ಟಾ’ ಅಂದರು. ‘ಕಿವಿ ಸರಿ ಇದೆ’ ಅಂದ ಇವನು. ಕಣ್ಣಿಗೆಂದು ಹೋದವರು ಕಿವಿಯ ರಿಪೋರ್ಟೂ ಕೊಟ್ಟು ಬಂದೆವು!

ಅವರು ಕೆಟ್ಟವರಲ್ಲ. ಹಾಗೆ ಮಾತಾಡುವುದು ಎಲ್ಲಿಂದ ಬಂತು? ತೆರೆಯ ಮೇಲೆ ಇಂಥವರ ಪರವಾಗಿ ಯಾವಾಗಲೂ ಅಣ್ಣನೋ ಅಮ್ಮನೋ ಮೇಷ್ಟ್ರೋ ಮಾತಾಡುತ್ತಾರೆ. ಕಥೆಯಲ್ಲಿ ಬದಲಾಗುವವರೂ ಅವರೇ. ಇವರು ಇರುವುದು ಅವರ ಮನಸ್ಸು ಕರಗಿಸಲಿಕ್ಕೆ. ಇವರನ್ನೇ ಕೇಳಿ ಅಂದರೆ ಡೈಲಾಗೇ ಬರೆದಿರುವುದಿಲ್ಲ.

‘ಶರಪಂಜರ’ ಸಿನಿಮಾ ನೆನಪಿಸಿಕೊಳ್ಳಿ. ಅದು ಮಾನಸಿಕ ಕಾಯಿಲೆಯ ಕಥೆ. ಅದೇ ಬೇರೆ, ಬಾಲ್ಯದಿಂದಲೇ ಇರುವ ಬುದ್ಧಿಮಾಂದ್ಯತೆಯೇ ಬೇರೆ. ನಾವು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೇವೆ, ಅಲ್ವಾ? ಆದರೂ ಪುಟ್ಟಣ್ಣ ಕಣಗಾಲ್ ಒಂದು ಕೆಲಸ ಮಾಡಿದರು. ನಾಯಕಿ ಕಾವೇರಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸುತ್ತಲಿನವರ ಕಡೆಗೂ ಕ್ಯಾಮೆರಾ ತಿರುಗಿಸಿದರು.

ಚೀಟಿ ಬಂತು, ಐದೇ ನಿಮಿಷವಂತೆ. ಬೇಗ ಬೇಗ ಹೇಳುತ್ತೇನೆ. ಸುಮ್ನೆ ಎದುರಾದರೆ ಪೂರ್ವಗ್ರಹ ಹೋಗುವುದಿಲ್ಲ, ಸರಿಸಮರಾಗಿ ಒಂದೇ ಕೆಲಸಕ್ಕೆ ಕೈ ಹಾಕಬೇಕು ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದರು. ವರ್ಷಕ್ಕೊಮ್ಮೆ ಉಡುಗೊರೆ ಹಂಚಿ ಫೋಟೋ ತೆಗೆಸಿಕೊಂಡರೆ ಅದು ಭೇಟಿಯಲ್ಲ. ಇನ್ನು ನಟನೆ. ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನವಾಗುವ ಸ್ಥಿತಿ ಇರುವ ಪಾಸ್ಕಲ್ ಡುಕೆನ್ 1996ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಟ ಪ್ರಶಸ್ತಿಯನ್ನು ಸಹನಟನೊಂದಿಗೆ ಹಂಚಿಕೊಂಡರು. ಇವರ ಕೈಲಿ ಆಗಲ್ಲ ಎನ್ನುವ ನಿರ್ಮಾಪಕರಿಗೆ ಇಷ್ಟು ಸಾಕು.

ಉಳಿದದ್ದು ಚರ್ಚೆಯಲ್ಲಿ. ಮೈಕ್ ಹಿಡಿದು ಓಡಾಡುವ ಹುಡುಗರಿಗೆ ಒಂದು ಮಾತು: ಮೂರನೇ ಸಾಲಿನಲ್ಲಿ ಒಬ್ಬರು ಆಗಲೇ ಕೈ ಎತ್ತಿದ್ದಾರೆ. ಮೈಕ್ ಅವರಿಗೇ ಕೊಡಿ, ಪಕ್ಕದಲ್ಲಿರುವ ಅವರ ಅಮ್ಮನಿಗಲ್ಲ.