ಮೂವತ್ತೆರಡು ವಾರ ಕಾಯಿಸಿದ ವಜ್ರ

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ಶ್ರೀರಂಗಪಟ್ಟಣದ ಕೋಟೆಯ ವಾಯವ್ಯ ಮೂಲೆ. ಬೆಳಿಗ್ಗೆ ಏಳು ಗಂಟೆ. ಆಚೆ ಕಾಣುತ್ತಿರುವುದು ಕಾವೇರಿ. 1799ರ ಮೇ 4ರಂದು ಬ್ರಿಟಿಷ್ ಸೈನ್ಯ ಹೊಳೆ ದಾಟಿ, ಒಡೆದ ಗೋಡೆಯ ಮೇಲೆ ಹತ್ತಿ ಒಳಗೆ ನುಗ್ಗಿದ್ದು ಇಲ್ಲೇ. ಆ ಕಲ್ಲಿನ ಕಂಬ ಅದರ ನೆನಪಿಗೆ ನಿಲ್ಲಿಸಿದ್ದು.

ಆದರೆ ನಾನು ಇವತ್ತು ಬಂದಿರುವುದು ಯುದ್ಧದ ಕಥೆ ಹೇಳೋಕಲ್ಲ. ಇಂಗ್ಲಿಷಿನ ಒಂದು ದೊಡ್ಡ ಪತ್ತೇದಾರಿ ಕಾದಂಬರಿ ಶುರುವಾಗುವುದು ಇದೇ ಊರಿನಲ್ಲಿ, ಇದೇ ದಿನ. ವಿಲ್ಕಿ ಕಾಲಿನ್ಸ್ ಬರೆದ ‘ದಿ ಮೂನ್‌ಸ್ಟೋನ್’, 1868. ಷರ್ಲಾಕ್ ಹೋಮ್ಸ್ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1887ರಲ್ಲಿ. ಅಂದರೆ ಹೋಮ್ಸ್‌ಗಿಂತ 19 ವರ್ಷ ಮೊದಲು.

ಕಾದಂಬರಿಯ ಮೊದಲ ಭಾಗ ಒಂದು ಕಾಗದದ ರೂಪದಲ್ಲಿದೆ. ಇಲ್ಲಿಂದ ಇಂಗ್ಲೆಂಡಿನ ನೆಂಟರಿಗೆ ಬರೆದದ್ದು. ಕೋಟೆ ಬಿದ್ದ ರಾತ್ರಿ ಹರ್ನ್‌ಕ್ಯಾಸಲ್ ಎಂಬ ಅಧಿಕಾರಿಯ ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ರಕ್ತ ಸುರಿಯುವ ಕಠಾರಿ. ಕಠಾರಿಯ ಹಿಡಿಯ ತುದಿಯಲ್ಲಿ ಒಂದು ಹಳದಿ ವಜ್ರ. ಅದನ್ನು ಕಾಯುತ್ತಿದ್ದವನು ಸಾಯುವಾಗ ಶಾಪ ಹಾಕುತ್ತಾನೆ. ಆ ವಜ್ರ ಸುಮಾರು 50 ವರ್ಷದ ನಂತರ ಯಾರ್ಕ್‌ಶೈರಿನ ಒಂದು ಮನೆಯಲ್ಲಿ, ಹುಡುಗಿಯೊಬ್ಬಳ ಹುಟ್ಟುಹಬ್ಬದ ರಾತ್ರಿ ಮಾಯವಾಗುತ್ತದೆ. ಮುಂದೆ ಏನಾಯಿತು ಅಂತ ನಾನು ಹೇಳುವುದಿಲ್ಲ. ಓದದವರಿಗೆ ಅದು ಮೋಸ ಅಲ್ವಾ?

ಒಂದು ಮಾತು ಮಾತ್ರ ಹೇಳಲೇಬೇಕು. ವಜ್ರ ಕಲ್ಪನೆ. ಲೂಟಿ ಕಲ್ಪನೆ ಅಲ್ಲ. ಇಲ್ಲಿಂದ ಹೋದ ಟಿಪ್ಪುವಿನ ಮರದ ಹುಲಿ ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಈ ಪುಸ್ತಕ ಪಾಠ ಮಾಡುವ ಮೇಷ್ಟ್ರು, ಮೇಡಂಗಳು ಈ ಎರಡು ಮಾತನ್ನೂ ಒಟ್ಟಿಗೇ ಹೇಳಬೇಕು. ಕದ್ದ ವಸ್ತುವನ್ನು ಮತ್ತೆ ಕದ್ದಾಗ ಕಳ್ಳ ಯಾರು? ಕಾದಂಬರಿ ನಿಂತಿರುವುದೇ ಈ ಪ್ರಶ್ನೆಯ ಮೇಲೆ.

ಈಗ ಮನೆಗೆ ಬಂದಿದ್ದೇನೆ. ಇದು ನನ್ನ ಟೇಬಲ್ಲು, ಇದು ಲ್ಯಾಪ್‌ಟಾಪ್.

ನಾನು ಇಂಗ್ಲಿಷ್ ಪಾಠ ಮಾಡುವವಳು. ಮೊದಲ ಸಲ ಈ ಕಾದಂಬರಿ ತೆಗೆದುಕೊಂಡಾಗ ಇಡೀ ಪುಸ್ತಕವನ್ನು ಒಂದೇ ಸಲ ಮಕ್ಕಳ ಕೈಗೆ ಕೊಟ್ಟೆ. ಮಾರನೇ ದಿನವೇ ಯಾರೋ ಕೊನೆ ಹುಡುಕಿ ಎಲ್ಲರಿಗೂ ಹೇಳಿಬಿಟ್ಟಿದ್ದರು. ಕ್ಲಾಸು ತಣ್ಣಗಾಯಿತು. ಆಮೇಲೆ ನನಗೆ ಹೊಳೆಯಿತು, ಇದನ್ನು ಮೊದಲು ಓದಿದವರು ಹೀಗೆ ಓದಿರಲೇ ಇಲ್ಲ.

ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ‘ಆಲ್ ದ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ ಇದು ಧಾರಾವಾಹಿಯಾಗಿ ಬಂತು. 1868ರ ಜನವರಿ 4ರಿಂದ ಆಗಸ್ಟ್ 8ರವರೆಗೆ. ಲೆಕ್ಕ ಹಾಕಿ, 32 ವಾರ. ಸಂಚಿಕೆಯ ಬೆಲೆ ಎರಡು ಪೆನ್ನಿ. ಲಂಡನ್ನಿನ ವೆಲ್ಲಿಂಗ್ಟನ್ ಬೀದಿಯ ಪತ್ರಿಕಾ ಕಚೇರಿ ಮುಂದೆ ಹೊಸ ಕಂತಿಗಾಗಿ ಜನ ಗುಂಪುಗೂಡಿ ಕಾಯುತ್ತಿದ್ದರು ಅಂತ ಪುಸ್ತಕದ ಪ್ರಕಾಶಕ ಟಿನ್ಸ್ಲಿ ನೆನಪಿಸಿಕೊಂಡಿದ್ದಾನೆ. ನಮ್ಮ ಮನೆಗಳಲ್ಲೂ ವಾರಪತ್ರಿಕೆಯ ಧಾರಾವಾಹಿಗೆ ಅಜ್ಜಿ ಮೊದಲಾ ಅಮ್ಮ ಮೊದಲಾ ಅಂತ ಜಗಳ ಆಗುತ್ತಿತ್ತಲ್ಲ, ಹಾಗೆ.

ಸಂತೋಷದ ವಿಷಯ ಏನಂದರೆ, ಆ ವಾರವಾರದ ಪುಟಗಳು ಇವತ್ತು ಪುಕ್ಕಟೆಯಾಗಿ ಸಿಗುತ್ತವೆ. ‘ಡಿಕನ್ಸ್ ಜರ್ನಲ್ಸ್ ಆನ್‌ಲೈನ್’ ಅಂತ ಹುಡುಕಿ. ಬಕಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಶುರು ಮಾಡಿದ ಕೆಲಸ. ಪರದೆಯ ಮೇಲೆ ಕಾಣುತ್ತಿದೆ ನೋಡಿ. ಎರಡು ಕಾಲಂ, ಚಿತ್ರ ಒಂದೂ ಇಲ್ಲ. ಒಂದೊಂದು ಕಂತು ಎಲ್ಲಿ ನಿಲ್ಲುತ್ತಿತ್ತು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಇಡಿಯಾಗಿ ಅಚ್ಚಾದ ಪುಸ್ತಕಗಳಲ್ಲಿ ಆ ಗುರುತು ಉಳಿದಿರುವುದಿಲ್ಲ.

ನಾನು ಈಗ ವಾರಕ್ಕೆ ಎರಡು ಕಂತು ಕೊಡುತ್ತೇನೆ. 16 ವಾರ ಸಾಕು. ಜೂನ್‌ನಲ್ಲಿ ಶುರು ಮಾಡಿದರೆ ದಸರಾ ಹೊತ್ತಿಗೆ ಮುಗಿಯುತ್ತದೆ. ಪ್ರತಿ ಕಂತಿನ ಕೊನೆಗೆ ಒಂದು ಚೀಟಿಯಲ್ಲಿ ‘ನಿಮ್ಮ ಅನುಮಾನ ಯಾರ ಮೇಲೆ, ಯಾಕೆ’ ಅಂತ ಬರೆಸಿ, ಡಬ್ಬಿಗೆ ಹಾಕಿಸುತ್ತೇನೆ. ಅಷ್ಟೇ. ಪತ್ತೇದಾರಿ ಕಥೆಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಬೇರೆ ಸಿಕ್ಕಿಲ್ಲ.

ಭಾಷೆ ಕಷ್ಟ ಆಗುತ್ತೆ ಅಂತ ಹೆದರಬೇಡಿ. ಶುರುವಿನ ದೊಡ್ಡ ಪಾಲನ್ನು ಹೇಳುವವನು ಬೆಟರಿಡ್ಜ್. ಎಪ್ಪತ್ತು ದಾಟಿದ, ಮನೆವಾರ್ತೆ ನೋಡಿಕೊಳ್ಳುವ ಮುದುಕ. ಜಗುಲಿ ಮೇಲೆ ಕೂತು ಅಜ್ಜ ಕಥೆ ಹೇಳಿದ ಹಾಗೆ, ದಾರಿ ತಪ್ಪುತ್ತಾ, ಮತ್ತೆ ದಾರಿಗೆ ಬರುತ್ತಾ ಹೇಳುತ್ತಾನೆ. ಲಿಬ್ರಿವಾಕ್ಸ್‌ನಲ್ಲಿ ಇದನ್ನು ಗಟ್ಟಿಯಾಗಿ ಓದಿದ ಧ್ವನಿಮುದ್ರಣ ಉಚಿತವಾಗಿ ಸಿಗುತ್ತದೆ. ಕಿವಿಗೆ ಮೊದಲು, ಕಣ್ಣಿಗೆ ಆಮೇಲೆ. ನನ್ನ ಕ್ಲಾಸಿನಲ್ಲಿ ಕನ್ನಡ ಮೀಡಿಯಂನಿಂದ ಬಂದವರು ಈ ಅಜ್ಜನನ್ನೇ ಜಾಸ್ತಿ ಇಷ್ಟಪಟ್ಟರು. ಪ್ರಿಂಟ್ ತೆಗೆಯಲು ಹಳೆಯ ಪುಸ್ತಕಗಳ ಉಚಿತ ತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್ ಸಾಕು. ಕಾಲಿನ್ಸ್ ತೀರಿಕೊಂಡದ್ದು 1889ರಲ್ಲಿ. ಹಕ್ಕುಸ್ವಾಮ್ಯ ಯಾವತ್ತೋ ಮುಗಿದಿದೆ. ಧೈರ್ಯವಾಗಿ ಹಂಚಿ.

ಇನ್ನು ಪತ್ತೇದಾರ. ಕಾದಂಬರಿಯಲ್ಲಿ ಬರುವ ಸಾರ್ಜೆಂಟ್ ಕಫ್, ಗುಲಾಬಿ ಗಿಡಗಳ ಹುಚ್ಚಿರುವ ಪೊಲೀಸ್. ಅವನ ಹಿಂದೆ ಒಬ್ಬ ನಿಜವಾದ ಮನುಷ್ಯ ಇದ್ದಾನೆ, ಜಾಕ್ ವಿಚರ್. ಸ್ಕಾಟ್‌ಲೆಂಡ್ ಯಾರ್ಡ್, ಅಂದರೆ ಲಂಡನ್ ಪೊಲೀಸ್, 1842ರಲ್ಲಿ ಬರೀ ಎಂಟು ಜನರ ಪತ್ತೇದಾರಿ ವಿಭಾಗ ತೆರೆದಾಗ ಅವನು ಅದರಲ್ಲಿದ್ದ. 1860ರಲ್ಲಿ ರೋಡ್ ಎಂಬ ಹಳ್ಳಿಯ ಮನೆಯೊಂದರಲ್ಲಿ ಪುಟ್ಟ ಹುಡುಗನ ಕೊಲೆಯಾಯಿತು. ಕಾಣೆಯಾದ ಒಂದು ರಾತ್ರಿ ಉಡುಪಿನ ಜಾಡು ಹಿಡಿದು ವಿಚರ್ ಹುಡುಗನ ಮಲಅಕ್ಕ ಕಾನ್‌ಸ್ಟನ್ಸ್ ಕೆಂಟ್ ಮೇಲೆ ಅನುಮಾನಪಟ್ಟ. ಅವಳಿಗೆ ಆಗ 16 ವರ್ಷ. ಯಾರೂ ನಂಬಲಿಲ್ಲ. ಸಾಮಾನ್ಯ ಮನೆತನದ ಪೊಲೀಸನೊಬ್ಬ ದೊಡ್ಡ ಮನೆಯ ಮಗಳ ಬಟ್ಟೆ ತಡಕುವುದಾ ಅಂತ ಊರೆಲ್ಲ ಬೈದರು. 1865ರಲ್ಲಿ ಅವಳೇ ಒಪ್ಪಿಕೊಂಡಳು. ಅಷ್ಟು ಹೊತ್ತಿಗೆ ವಿಚರ್ ಕೆಲಸ ಬಿಟ್ಟಾಗಿತ್ತು.

ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಸಂಕಟ ಆಗುತ್ತದೆ. ಕಾದಂಬರಿಯಲ್ಲಿ ಕಫ್ ಬಾಗಿಲಿನ ಹಸಿ ಬಣ್ಣದ ಮೇಲಿನ ಕಲೆ ನೋಡಿ, ಮನೆಯ ಅಗಸರ ಲೆಕ್ಕದ ಪುಸ್ತಕ ಕೇಳುವ ಜಾಗ ಬಂದಾಗ ಮಕ್ಕಳಿಗೆ ವಿಚರ್‌ನ ಕಥೆ ಹೇಳಿ. ಅದಕ್ಕಿಂತ ಮೊದಲು ಬೇಡ. 1850ರಲ್ಲಿ ಡಿಕನ್ಸ್ ಈ ಪತ್ತೇದಾರರನ್ನೆಲ್ಲ ತನ್ನ ಕಚೇರಿಗೆ ಕರೆಸಿ ಮಾತಾಡಿಸಿದ ಲೇಖನವೂ ನಾನು ಆಗ ಹೇಳಿದ ಅದೇ ತಾಣದಲ್ಲಿ, ‘ಹೌಸ್‌ಹೋಲ್ಡ್ ವರ್ಡ್ಸ್’ ಪತ್ರಿಕೆಯಲ್ಲಿದೆ. ಸುಮ್ನೆ ಒಂದು ಸಂಜೆ ತೆರೆದು ನೋಡಿ.

ಹೋಮ್ಸ್ ಪ್ರಿಯರಿಗೆ ಎರಡು ಮಾತು. 1891ರ ಜುಲೈಯಿಂದ ಹೋಮ್ಸ್ ಕಥೆಗಳನ್ನು ತಂದ ‘ಸ್ಟ್ರ್ಯಾಂಡ್’ ಪತ್ರಿಕೆಯ ಪುಟಗಳು, ಸಿಡ್ನಿ ಪ್ಯಾಜೆಟ್ ಚಿತ್ರಗಳ ಸಮೇತ, ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನವರು ಇಟ್ಟಿರುವ ಚಾರ್ಲ್ಸ್ ಬೂತ್ ನಕ್ಷೆಯಲ್ಲಿ ಆ ಕಾಲದ ಲಂಡನ್ನಿನ ಬೀದಿಗಳಿಗೆ ಬಡತನ, ಸಿರಿತನದ ಪ್ರಕಾರ ಬಣ್ಣ ಹಾಕಿದ್ದಾರೆ. ಕಪ್ಪು ಅಂದರೆ ತೀರಾ ಕೆಳಗಿನವರು, ಹಳದಿ ಅಂದರೆ ಭಾರೀ ಶ್ರೀಮಂತರು. ಹೋಮ್ಸ್‌ನ ಕುದುರೆಗಾಡಿ ಹೋದ ದಾರಿಯನ್ನು ಅದರ ಮೇಲೆ ಬೆರಳಿಟ್ಟು ಹುಡುಕಿಸಿ. ಓಲ್ಡ್ ಬೇಲಿ ನ್ಯಾಯಾಲಯದ 1674ರಿಂದ 1913ರವರೆಗಿನ ವಿಚಾರಣೆಗಳೂ ಉಚಿತ. ಅದಕ್ಕೆ ಇನ್ನೊಂದು ವಿಡಿಯೋ ಮಾಡುತ್ತೇನೆ, ಅಷ್ಟು ಇದೆ.

ಮುಂದಿನ ಶನಿವಾರ ನನ್ನ ಕ್ಲಾಸಿನವರನ್ನು ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಆ ಕಂಬದ ಹತ್ತಿರ ಕೂರಿಸಿ ಆ ಕಾಗದವನ್ನು ಜೋರಾಗಿ ಓದಿಸುವುದು. ಪುಸ್ತಕ ಇನ್ನೂ ಯಾರ ಕೈಗೂ ಕೊಟ್ಟಿಲ್ಲ.